ಅಕ್ಕನ ಸಂಪಿಗೆ

ಎಂದಿನಂತೆ ಅಂದೂ ಮರುಳಯ್ಯನವರು ಹೊಳೆಯಲ್ಲಿ ಮಿಂದು ಬಂದು, ಆಶ್ರಮದ ಅಂಗಳದಲ್ಲಿ ಬಿದ್ದಿದ್ದ ಸಂಪಿಗೆಯೊಂದನ್ನು ಮೂಗಿಗೆ ಹಿಡಿದರು. ಮತ್ತೊಮ್ಮೆ ಹಿಡಿದರು. ಆಮೇಲೆ ಶಿಷ್ಯೆಯನ್ನು ಕರೆದರು.

“ನೀಲಗಂಗೆ, ಇದಕ್ಕೆ ವಾಸನೆ ಇದೆಯೇನೇ?”

“ಘಮ್ಮೆನ್ನುತ್ತಿದೆಯಲ್ಲ, ಅಯ್ಯಾ!”

“ಹಾಗಾದರೆ ಹೋದದ್ದು ನನ್ನ ಮೂಗು. ಇನ್ನು ಮರ ಆರಿಸುವವಳು ನೀನೇ.”

ಸಂಪಿಗೆ ಎಣ್ಣೆ ಮಾರಿಯೇ ಆಶ್ರಮದ ಒಲೆ ಉರಿಯುತ್ತಿತ್ತು. ಎಳ್ಳಿನ ನಡುವೆ ಹೂ ಹಾಸಿ, ಬಾಡಿದಂತೆಲ್ಲ ಹೊಸದು ಹಾಸಿ, ಕಂಪು ಕುಡಿದ ಎಳ್ಳನ್ನು ಗಾಣಕ್ಕೆ ಹಾಕುತ್ತಿದ್ದರು. ಅಲ್ಲಿದ್ದವು ಬೀಜದಿಂದ ಎದ್ದ ಐದು ಮರಗಳು. ಒಂದರ ಗುಣ ಇನ್ನೊಂದಕ್ಕಿಲ್ಲ. ಒಳ್ಳೆಯದೊಂದನ್ನು ಆರಿಸಿ, ಉಳಿದವುಗಳ ತಲೆ ಕಡಿದು, ಆರಿಸಿದ ಮರದ ಕುಡಿಯನ್ನೇ ಅವಕ್ಕೆ ಕಸಿ ಕಟ್ಟಬೇಕಾಗಿತ್ತು.

ಹೊಳೆಯ ಕಡೆಯ ಮರ ನೀಲಗಂಗೆಯ ಅಕ್ಕ ನೆಟ್ಟದ್ದು. ಅದು ಮೊದಲ ಹೂ ಬಿಟ್ಟದ್ದು ಅಕ್ಕ ತೀರಿಕೊಂಡ ಮೇಲೆ.

ಒಂದೊಂದು ಮರದ ಹೂವಿಗೂ ಒಂದೊಂದು ಮಡಕೆ ಎಳ್ಳು ಇಟ್ಟಿದ್ದರು. ನೀಲಗಂಗೆ ಮೊದಲು ತೆರೆದದ್ದು ಅಕ್ಕನ ಮರದ ಮಡಕೆ. ಆಚೆ ದಡದವರೆಗೂ ಕಂಪು ಬೀರುವ ಮರ ಅದು. ಮಡಕೆಯಲ್ಲಿ ಬರೀ ಎಳ್ಳಿನ ವಾಸನೆ.

ಬಾಗಿಲ ಬಳಿಯ ಸೊಟ್ಟ ಮರದ ಹೂವನ್ನು ಯಾರೂ ನಿಂತು ಮೂಸಿದವರಿಲ್ಲ. ಅದರ ಮಡಕೆಯ ಮುಚ್ಚಳ ಸರಿಸಿದರೆ, ಆಗ ತಾನೇ ಅರಳಿದ ಸಂಪಿಗೆಯ ಕಂಪು!

ಅವಳು ಮುಚ್ಚಳ ಮುಚ್ಚಿದಳು.

“ಯಾವ ಮರವೇ?” ಗುರುಗಳು ಕೇಳಿದರು.

“ಹೊಳೆಯ ಕಡೆಯದು.”

“ಆಗಲಿ.” ಗುರುಗಳು ಗರಗಸ ಎತ್ತಿಕೊಂಡು ಸೊಟ್ಟ ಮರದತ್ತ ನಡೆದರು.

“ನೀವು ಮಡಕೆ ನೋಡುವುದಿಲ್ಲವೇ?”

“ಯಾವುದರಿಂದ ಮೂಸಲಿ, ಮೊಣಕಾಲಿನಿಂದಲೇ?”

ಗರಗಸದ ಹಲ್ಲು ತೊಗಟೆಗೆ ತಾಕಿತು. ಒಂದಿಷ್ಟು ಹುಡಿ ಉದುರಿತು. ನೀಲಗಂಗೆ ಓಡಿಬಂದು ಅವರ ಮುಂಗೈ ಹಿಡಿದಳು.

“ಇದು ಬೇಡ, ಅಯ್ಯಾ.”

“ಯಾಕೆ?”

“ಎಳ್ಳಿನಲ್ಲಿ ನಿಂತದ್ದು ಇದರ ಕಂಪೇ. ಅಕ್ಕನದು ಎಲ್ಲವನ್ನೂ ಗಾಳಿಗೆ ಕೊಟ್ಟುಬಿಟ್ಟಿದೆ.”

“ಗಾಳಿಗೆ ಕೊಟ್ಟದ್ದು ನಿನಗೆ ಸಿಕ್ಕಿತಲ್ಲ” ಎಂದರು ಗುರುಗಳು. ಗರಗಸದ ಹಿಡಿಯನ್ನು ಅವಳತ್ತ ತಿರುಗಿಸಿದರು.

ಅಕ್ಕನ ಮರದೆದುರು ನೀಲಗಂಗೆಯ ಕೈ ಏಳಲಿಲ್ಲ.

“ಎಲ್ಲಿಗೆ ಕಡಿಯಬೇಕು?” ಗುರುಗಳು ಕೇಳಿದರು.

“ಎದೆಯೆತ್ತರಕ್ಕೆ.”

“ಅದರ ಕೆಳಗೆ ಉಳಿಯುವ ಬೇರು ಯಾರದು?”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಕೊಯ್ಯತೊಡಗಿದಳು. ಅಲುಗದಂತೆ ಗುರುಗಳು ಕಾಂಡವನ್ನು ತಬ್ಬಿ ಹಿಡಿದರು.

ಸೊಟ್ಟ ಮರದ ಮೊದಲ ಕುಡಿಯನ್ನು ಅವಳು ಆ ಮೋಟಿಗೇ ಕಟ್ಟಿದಳು. ಆಮೇಲೆ ಬಹಳ ದಿನ ಆ ಕಡೆ ಸುಳಿಯಲಿಲ್ಲ. ಹೊಳೆಯ ನೀರನ್ನೂ ಬೇರೆ ಮೆಟ್ಟಿಲಿನಿಂದಲೇ ತಂದಳು.

ಒಂದು ಬೆಳಗ್ಗೆ ಗುರುಗಳು ಒದ್ದೆ ಪಂಚೆಯಲ್ಲೇ ಅವಳೆದುರು ಬಂದು ನಿಂತರು. ಎಳ್ಳು ಕೇರುತ್ತಿದ್ದ ನೀಲಗಂಗೆ ತಲೆ ಎತ್ತಲಿಲ್ಲ.

“ಕಸಿ ಹಿಡಿಯಿತೇ, ಅಯ್ಯಾ?”

“ಎರಡೆಲೆ ಬಂದಿವೆ.”