ಮೊದಲು ಯಾರ ಕೆನ್ನೆ?

ಕಲ್ಲಳ್ಳಿ ಸಂಸ್ಥಾನದ ಅರಸ ವೀರಮಲ್ಲನಿಗೆ ಊಟಕ್ಕಿಂತ ಘೋಷಣೆ ಹೊರಡಿಸುವುದೇ ಹೆಚ್ಚು ಇಷ್ಟ. ಒಂದು ದಿನ ತುಂಬಿದ ಸಭೆಯಲ್ಲಿ ಎದ್ದು ನಿಂತವನೇ, "ಇನ್ನೊಂದು ತಿಂಗಳಲ್ಲಿ ನಮ್ಮ ನಾಡಿನಲ್ಲಿ ಕೆಲಸವಿಲ್ಲದ ಒಬ್ಬ ಯುವಕನೂ ಇರಕೂಡದು" ಎಂದು ಸಾರಿಬಿಟ್ಟ.

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮಂತ್ರಿ ವಿರೂಪಾಕ್ಷಯ್ಯನವರು. ಆ ಹೊಣೆ ತಮ್ಮ ತಲೆಗೇ ಬಿತ್ತೆಂದು ತಿಳಿದ ಮೇಲೆ ಅವರ ಕೈ ತಾನಾಗಿ ನಿಂತಿತು.

ಅರಸನಿಗೆ ವೀಳ್ಯ ಮಡಿಸಿಕೊಡುವ ಸಿಂಗಣ್ಣ ಅಲ್ಲೇ ಪಕ್ಕದಲ್ಲಿ ನಿಂತಿದ್ದ. ಅವನ ಕೆಲಸ ಎಲೆಗೆ ಸುಣ್ಣ ಹಚ್ಚುವುದಾದರೂ ಅರಸನ ಕಿವಿಗೆ ಅವನಷ್ಟು ಹತ್ತಿರ ಇದ್ದವರು ಯಾರೂ ಇರಲಿಲ್ಲ. ಈ ತಿಂಗಳು ತಮಾಷೆಯಾಗಿ ಕಳೆಯುತ್ತದೆ ಅಂದುಕೊಂಡ.

ಮಂತ್ರಿಗಳು ಮೊದಲು ಅರಮನೆಯಲ್ಲೇ ಇನ್ನೂರು ಕೆಲಸ ಹುಡುಕಿ ಡಂಗುರ ಹೊಡೆಸಿದರು. ಷರತ್ತು ಎರಡೇ. ವಯಸ್ಸು ಇಪ್ಪತ್ತು ಮೀರಿರಬಾರದು, ಹತ್ತು ವರ್ಷದ ಅನುಭವ ಇರಬೇಕು. ಒಬ್ಬನೂ ಬರಲಿಲ್ಲ. ಹತ್ತನೇ ವಯಸ್ಸಿಗೇ ಆನೆ ಪಳಗಿಸಲು ಹೊರಟವರನ್ನು ಎಲ್ಲಿಂದ ತರೋಣ ಸ್ವಾಮಿ ಎಂದು ಸಿಂಗಣ್ಣ ಮೆತ್ತಗೆ ಕೇಳಿದ. ಈಗಿನ ಹುಡುಗರು ಸೋಮಾರಿಗಳು, ಹಾಗಾಗಿ ಬಂದಿಲ್ಲ ಎಂದು ಮಂತ್ರಿಗಳು ಮುಖ ತಿರುಗಿಸಿದರು.

ಆಮೇಲೆ ಅವರಿಗೆ ಇನ್ನೊಂದು ಉಪಾಯ ಹೊಳೆಯಿತು. ಎಲ್ಲರಿಗೂ ತರಬೇತಿ ಕೊಟ್ಟುಬಿಡುವುದು. ದೋಣಿ ಕೆಟ್ಟೀತೆಂದು ದೋಣಿ ನಡೆಸುವುದನ್ನು ಛತ್ರದಲ್ಲಿ ಚಾಪೆಯ ಮೇಲೆ ಕೂರಿಸಿ ಕಲಿಸಿದರು. ಸೌದೆ ಖರ್ಚಾದೀತೆಂದು ಅಡುಗೆ ಕಲಿಯಲು ಬಂದವರು ಸಾರಿನ ಸಾಮಾನುಗಳ ಹೆಸರನ್ನು ಒಕ್ಕೊರಲಿನಿಂದ ಹೇಳಿ ಹಸಿದುಕೊಂಡು ಮನೆಗೆ ಹೋದರು. ಮಾವುತರಾಗುವವರಿಗೆ ಗೋಡೆಯ ಮೇಲೆ ಆನೆ ಬರೆದು ತೋರಿಸಿದರು. ಚಿತ್ರ ಬರೆದವನಿಗೆ ಸೊಂಡಿಲು ಸರಿಯಾಗಿ ಬರದೆ ಅರ್ಧ ಜನ ಅದನ್ನು ಹಂದಿ ಎಂದೇ ತಿಳಿದರು.

ತಿಂಗಳು ತುಂಬಿದಾಗ ನಾಲ್ಕು ಸಾವಿರ ಯುವಕ ಯುವತಿಯರ ಕೈಗೆ ಮುದ್ರೆ ಒತ್ತಿದ ಓಲೆ ಬಂತು. ಎಲ್ಲರೂ ತರಬೇತಿ ಹೊಂದಿದ್ದಾರೆ, ಆದ್ದರಿಂದ ನಾಡಿನಲ್ಲಿ ನಿರುದ್ಯೋಗಿಗಳೇ ಇಲ್ಲ ಎಂದು ಮಂತ್ರಿಗಳು ವರದಿ ಒಪ್ಪಿಸಿದರು. ಅರಸ ಆನಂದದಿಂದ ತನಗೆ ತಾನೇ ಒಂದು ಹಾರ ಹಾಕಿಕೊಂಡ.

ಅವತ್ತು ಸಂಜೆ ಮನೆಗೆ ಹೊರಟ ಸಿಂಗಣ್ಣ ಹೊಳೆಯ ಹತ್ತಿರ ನಿಂತುಬಿಟ್ಟ. ಗಂಟು ಹೊತ್ತ ಹುಡುಗರು ಹುಡುಗಿಯರು ಸಾಲು ಸಾಲಾಗಿ ಹೊಳೆ ದಾಟಿ ಪಕ್ಕದ ರಾಜ್ಯಕ್ಕೆ ಹೋಗುತ್ತಿದ್ದರು. ಸಾಲಿನ ಕೊನೆಯಲ್ಲಿ ಅವನ ಕೇರಿಯ ಮಾಳಿಂಗನಿದ್ದ. ಅವನದು ಕ್ಷೌರದ ತರಬೇತಿ. ಓಲೆ ತೋರಿಸಿದಲ್ಲೆಲ್ಲ ಅನುಭವ ಕೇಳುತ್ತಾರೆ ಎಂದ.

"ಅನುಭವ ಎಲ್ಲಿ ಸಿಗುತ್ತೆ ಅಂತ ಕೇಳಿದರೆ, ಕೆಲಸಕ್ಕೆ ಸೇರಿದರೆ ಸಿಗುತ್ತೆ ಅಂತಾರೆ ಸಿಂಗಣ್ಣಮಾವ. ನಮ್ಮವ್ವ ಅಳ್ತಾ ಬಾಗಿಲಲ್ಲಿ ಕೂತಿದ್ದಾಳೆ. ಇಲ್ಲೇ ಇದ್ದು ಏನು ಮಾಡಲಿ?"

ಆ ಮಾತಿಗೆ ಸಿಂಗಣ್ಣನ ತಮಾಷೆಯೆಲ್ಲ ಇಳಿದುಹೋಯಿತು. ಮಾಳಿಂಗನ ಗಂಟನ್ನು ಇಸಿದುಕೊಂಡು, "ಬೆಳಿಗ್ಗೆ ಅರಮನೆಗೆ ಬಾ. ಕೇಳಿದ್ದಕ್ಕೆಲ್ಲ ನಿಜ ಹೇಳು, ಸಾಕು" ಎಂದ. ಅಲ್ಲಿಂದ ನೇರವಾಗಿ ಅರಮನೆಯ ಹಳೆಯ ಕ್ಷೌರಿಕ ದೊಡ್ಡಯ್ಯನ ಮನೆಗೆ ಹೋಗಿ, ನಾಳೆ ಒಂದು ದಿನ ನಿನಗೆ ಸೊಂಟನೋವು ಎಂದು ಹೇಳಿ ಒಪ್ಪಿಸಿದ.

ಮಾರನೆಯ ಬೆಳಿಗ್ಗೆ ಅರಸ ಮಣೆಯ ಮೇಲೆ ಕೂತು ಕೆನ್ನೆಗೆ ನೀರು ಹಚ್ಚಿಸಿಕೊಂಡು ಕಣ್ಣು ಮುಚ್ಚಿದ್ದ. ತಣ್ಣನೆಯ ಕತ್ತಿ ಕೆನ್ನೆಗೆ ತಾಗಿತು. ಅದು ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿತ್ತು. ಅರಸ ಒಂದೇ ಕಣ್ಣು ತೆರೆದ.

"ಯಾರಪ್ಪ ನೀನು?"

"ಮಾಳಿಂಗ, ಪ್ರಭು. ದೊಡ್ಡಯ್ಯನವರಿಗೆ ಸೊಂಟನೋವಂತೆ."

"ಇದುವರೆಗೆ ಎಷ್ಟು ಜನರಿಗೆ ಕ್ಷೌರ ಮಾಡಿದ್ದೀಯ?"

"ಒಬ್ಬರಿಗೂ ಇಲ್ಲ. ತರಬೇತಿಯಲ್ಲಿ ಕತ್ತಿಯ ಚಿತ್ರ ತೋರಿಸಿದ್ದರು. ನಿಜವಾದ ಕತ್ತಿ ಹಿಡಿದದ್ದು ಇವತ್ತೇ."

ಅರಸ ಇನ್ನೊಂದು ಕಣ್ಣನ್ನೂ ತೆರೆದು ಮಣೆಯಿಂದ ಎರಡು ಮಾರು ಆಚೆಗೆ ನೆಗೆದ. ಇಂಥವನನ್ನು ಒಳಗೆ ಬಿಟ್ಟವರು ಯಾರು ಎಂಬ ಗುಡುಗು ಕೇಳಿ ಮಂತ್ರಿಗಳು ಪಂಚೆ ಎತ್ತಿಕೊಂಡು ಓಡಿಬಂದರು. ಸಿಂಗಣ್ಣ ಓಲೆಯನ್ನು ಅರಸನ ಮುಂದೆ ಹಿಡಿದು, ಹುಡುಗ ಪೂರ್ತಿ ತರಬೇತಿ ಹೊಂದಿದವನು, ಮುದ್ರೆಯೂ ತಮ್ಮದೇ ಎಂದು ವಿನಯದಿಂದ ತೋರಿಸಿದ.

"ಮೊದಲು ಬೇರೆ ಯಾರ ಮೇಲಾದರೂ ಕಲಿತು ಬರಲಿ" ಎಂದ ಅರಸ, ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತ.

"ನಾಡಿನಲ್ಲಿ ಎಲ್ಲರೂ ಅದನ್ನೇ ಹೇಳ್ತಾರೆ ಪ್ರಭು. ಅದಕ್ಕೇ ನಾಲ್ಕು ಸಾವಿರ ಜನ ಹೊಳೆ ದಾಟ್ತಾ ಇದ್ದಾರೆ. ಮೊದಲ ಕೆನ್ನೆ ಅಂತ ಯಾರಾದರೂ ಒಬ್ಬರು ಕೊಡಲೇಬೇಕಲ್ಲ" ಎಂದ ಸಿಂಗಣ್ಣ.

ಅರಸನ ನೋಟ ನಿಧಾನವಾಗಿ ಮಂತ್ರಿಗಳ ಕಡೆ ತಿರುಗಿತು. ವಿರೂಪಾಕ್ಷಯ್ಯನವರ ಮುಖದ ಮೇಲೆ ನಾಲ್ಕು ದಿನದ ಗಡ್ಡ ಹುಲುಸಾಗಿ ಬೆಳೆದಿತ್ತು.

ದೊಡ್ಡಯ್ಯನಿಗೆ ಹೇಳಿಕಳಿಸಿದ್ದೇ ತಡ, ಸೊಂಟನೋವು ಮರೆತು ಓಡಿಬಂದ. ಮಂತ್ರಿಗಳನ್ನು ಮಣೆಯ ಮೇಲೆ ಕೂರಿಸಿದರು. ಮಾಳಿಂಗ ಕತ್ತಿ ಹಿಡಿದ, ದೊಡ್ಡಯ್ಯ ಪಕ್ಕದಲ್ಲಿ ನಿಂತು ಅವನ ಮಣಿಕಟ್ಟು ತಿದ್ದಿದ. ಅಲ್ಲಿ ಕ್ಷೌರ ನಡೆಯುತ್ತಿದ್ದಾಗಲೇ ಅರಸ ಹೊಸ ಅಪ್ಪಣೆ ಬರೆಸಿದ. ಪ್ರತಿಯೊಬ್ಬ ಕಸುಬುದಾರನೂ ಒಬ್ಬ ಹೊಸಬನನ್ನು ಒಂದು ವರ್ಷ ಪಕ್ಕದಲ್ಲಿಟ್ಟುಕೊಂಡು ಕೈ ಹಿಡಿದು ಕಲಿಸಬೇಕು, ಕಲಿಯುವವರ ಊಟ ಬಟ್ಟೆ ಅರಮನೆಯದು, ಹತ್ತು ವರ್ಷದ ಷರತ್ತು ರದ್ದು. ಹೊಳೆಯಾಚೆಯವರಿಗೂ ಕೇಳುವ ಹಾಗೆ ಡಂಗುರ ಹೊಡೆಯಿರಿ ಎಂದ.

ಎಲ್ಲ ಮುಗಿದ ಮೇಲೆ ಅರಸ ನಗು ತಡೆದುಕೊಂಡು ಹುಡುಗನ ಕೆಲಸ ಹೇಗಿದೆ ಎಂದು ಮಂತ್ರಿಗಳನ್ನು ಕೇಳಿದ. ಅವರ ಎಡಗೆನ್ನೆಗೆ ಮೂರು ಕಡೆ ಅರಿಸಿನ ಮೆತ್ತಿತ್ತು. ವಿರೂಪಾಕ್ಷಯ್ಯನವರು ಕನ್ನಡಿಯಲ್ಲಿ ಮುಖವನ್ನು ಎರಡೂ ಕಡೆ ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಬಲಗೆನ್ನೆ ಚೆನ್ನಾಗಿ ಬಂದಿದೆ ಪ್ರಭು. ಅಷ್ಟು ಹೊತ್ತಿಗೆ ಹುಡುಗನಿಗೆ ಅನುಭವ ಆಗಿತ್ತು."