ಆಸಾಫನ ಮೂರನೆಯ ಹಾಡು

ಬನ್ನಿ, ಚಾಪೆ ಹಾಸಿದ್ದೇನೆ, ಕೂತ್ಕೊಳ್ಳಿ. ಫೋನು ಸ್ವಲ್ಪ ಹೊತ್ತು ಕೆಳಗಿಡಿ.

ಬಹಳ ಹಿಂದೆ, ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ, ಹಾಡುಗಳೆಲ್ಲ ಕಂದು ಬಣ್ಣದ ಪಟ್ಟಿಗೆ ಸುತ್ತಿಕೊಂಡು ಅಂಗೈಯಗಲದ ಡಬ್ಬಿಯೊಳಗೆ ಕೂತಿರುತ್ತಿದ್ದ ಕಾಲದಲ್ಲಿ, ಎರೆಮಣ್ಣಿನ ಸೀಮೆಯ ಒಂದು ಊರಿನಲ್ಲಿ ಆಸಾಫ ಅಂತ ಒಬ್ಬ ನೇಕಾರನಿದ್ದ. ಊರು ಇದೇ ಊರು. ಓಣಿ ಇದೇ ಮಿಷನ್ ಓಣಿ. ಆಗ ಇಲ್ಲಿ ಮನೆಗೊಂದು ಮಗ್ಗ ಇತ್ತಂತೆ, ಬೆಳಗಿನಿಂದ ಸಂಜೆಯವರೆಗೆ ಖಟ್ ಖಟಾ ಖಟ್ ಅನ್ನುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲವಂತೆ. ನಾನು ಮಿಷನ್ ದವಾಖಾನೆಗೆ ನರ್ಸ್ ಆಗಿ ಬರುವ ಹೊತ್ತಿಗೆ ಆಸಾಫ ಆಗಲೇ ಕತೆಯಾಗಿದ್ದ. ಅದಕ್ಕೆ ಕಣ್ಣಾರೆ ಕಂಡೆ ಅಂತ ಹೇಳುವುದಿಲ್ಲ, ಅವರಿವರು ಅಂದದ್ದನ್ನು ಹೇಳುತ್ತೇನೆ. ಮೂವತ್ತು ವರ್ಷ ಜನರ ಜ್ವರ ನೋಡಿದವಳು ನಾನು. ಮಾತಿನಲ್ಲಿ ಎಷ್ಟು ಡಿಗ್ರಿ ಏರಿಸಿದ್ದಾರೆ ಅಂತ ನನಗೆ ಗೊತ್ತಾಗುತ್ತದೆ.

ಆಸಾಫ ಮುರಿದ ಮಗ್ಗದ ಹಲಗೆಯಿಂದ ಗಿಟಾರ್ ಮಾಡಿದ ಅಂತಾರೆ. ತಂತಿಗೆ ಸೈಕಲ್ಲಿನ ಬ್ರೇಕ್ ವೈರನ್ನು ಎಳೆ ಎಳೆಯಾಗಿ ಬಿಡಿಸಿದ ಅಂತಾರೆ. ಅದಕ್ಕೆ ಕರೆಂಟು ಕೊಟ್ಟು ಮೊದಲ ಸಲ ಮೀಟಿದಾಗ ಚರ್ಚಿನ ಮಾಡಿನಿಂದ ಮೂರು ಹೆಂಚು ಜಾರಿದವು ಅಂತಾರೆ. ಕೆಲವರು ಏಳು ಅಂತಾರೆ. ನಾನು ಹೆಂಚು ಹೊದಿಸುವವನನ್ನೇ ಹಿಡಿದು ಕೇಳಿದೆ. ಒಂದೇ ಹೆಂಚು ಬಿದ್ದದ್ದು, ಅದೂ ಮೊದಲೇ ಸಡಿಲ ಇತ್ತು ಅಂದ.

ಈ ಹುಚ್ಚು ಅವನಿಗೆ ಹತ್ತಿದ್ದು ಪೇಟೆಯ ಒಂದು ಕ್ಯಾಸೆಟ್ ಅಂಗಡಿಯಲ್ಲಿ. ತಿಂಗಳಿಗೊಮ್ಮೆ ಸೀರೆ ಹೊತ್ತುಕೊಂಡು ಪೇಟೆಗೆ ಹೋದಾಗ ಆ ಅಂಗಡಿಯ ಮುಂದೆ ನಿಲ್ಲುತ್ತಿದ್ದ. ಅಲ್ಲಿ ಕಡಲಾಚೆಯಿಂದ ಹೊಸ ಹೊಸ ಆಲ್ಬಮ್ಮುಗಳು ಬರುತ್ತಿದ್ದವು. ಯೇಸುವಿನ ಹಾಡುಗಳೇ, ಆದರೆ ಡ್ರಮ್ಮು, ಗಿಟಾರ್ ಇಟ್ಟು, ಎದೆ ಗುದ್ದುವ ಹಾಗೆ ಹಾಡಿದ್ದು. ಹೊಸದು ಬಂತೇ ಅಂತ ಕೇಳುತ್ತಿದ್ದ, ಅಂಗಡಿಯವನು ಹಾಕುತ್ತಿದ್ದ, ಇವನು ಬಿಸಿಲಲ್ಲಿ ನಿಂತೇ ಕೇಳಿ ಮನೆಗೆ ಬರುತ್ತಿದ್ದ. ಪೇಟೆಯವರು ಅದನ್ನು ರಾಕ್ ಅಂತಿದ್ದರು. ಅವನು ಅದನ್ನು ಹಾಡಿ ತೋರಿಸಿದಾಗ ನಮ್ಮ ಓಣಿಯವರು, ಅಯ್ಯೋ, ಇದು ಮಗ್ಗದ ಸದ್ದೇ ಅಲ್ಲವಾ ಅಂದರಂತೆ. ಆಸಾಫನಿಗೂ ಬೇಕಾದದ್ದು ಅದೇ. ಖಟ್ ಖಟಾ ಖಟ್ ತಾಳಕ್ಕೆ ಕನ್ನಡದಲ್ಲಿ ಹಾಡು ಕಟ್ಟಿದ. ಡ್ರಮ್ಮು ಬಾರಿಸುವವನನ್ನೂ ದಪ್ಪ ತಂತಿಯ ಗಿಟಾರ್ ಹಿಡಿಯುವವನನ್ನೂ ಮಗ್ಗದಿಂದಲೇ ಎಬ್ಬಿಸಿಕೊಂಡು ಬಂದ. ಹಾಡುವವನು ಮಾತ್ರ ತಾನೊಬ್ಬನೇ. ಅಂಥ ಗಂಟಲು ಇನ್ನೊಂದಿರಲಿಲ್ಲ ಅಂತಾರೆ. ಇದನ್ನು ನಾನು ನಂಬುತ್ತೇನೆ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಆ ಗಂಟಲನ್ನು ತಿದ್ದಿದವರು ತೀತಪ್ಪ ಮಾಸ್ತರು. ಚರ್ಚಿನ ಗಾಯನ ಮಂಡಳಿ ನಲವತ್ತು ವರ್ಷ ಅವರ ಕೈಯಲ್ಲಿತ್ತು. ಆಸಾಫನಿಗೆ ಐದು ವರ್ಷ ಇದ್ದಾಗಿನಿಂದ ಹಾರ್ಮೋನಿಯಮ್ಮಿನ ಪಕ್ಕ ಕೂರಿಸಿಕೊಂಡು ಕಲಿಸಿದ್ದರು. ಮಕ್ಕಳಿಲ್ಲದ ಮನುಷ್ಯ, ಎಲ್ಲ ಆಸೆಯನ್ನೂ ಅವನ ಮೇಲೆ ಇಟ್ಟಿದ್ದರು. ಒಂದು ಭಾನುವಾರ ಆಸಾಫ ಆ ಗಿಟಾರನ್ನು ಚರ್ಚಿನೊಳಗೆ ತಂದು ಹಾಡಿದಾಗ ಮಾಸ್ತರು ಹಾರ್ಮೋನಿಯಮ್ ಮುಚ್ಚಿ ಎದ್ದು ನಿಂತರಂತೆ.

“ದೇವರಿಗೇನ ಕಿವಿ ಕೇಳಂಗಿಲ್ಲೇನೋ ಆಸಾಫಾ? ಹಿಂಗ್ಯಾಕ ಒದರ್ತೀ?” ಅಂದರಂತೆ.

“ದೇವರಿಗೆ ಕೇಳ್ತದ್ರೀ ಮಾಸ್ತರ. ನಮ್ಮ ಮಂದಿಗೆ ಕೇಳಂಗಿಲ್ಲ. ವಾರವಿಡೀ ಮಗ್ಗದ ಸಪ್ಪಳದಾಗ ಕುಂತಿರ್ತಾರ,” ಅಂದನಂತೆ ಅವನು.

ಆ ಸದ್ದು ಇರುವ ಸೂರಿನ ಕೆಳಗೆ ನಾನು ಕೂರುವುದಿಲ್ಲ ಅಂತ ಹೇಳಿ ಮಾಸ್ತರು ಹೊರಟುಹೋದರು. ಮುಂದಿನ ವಾರದಿಂದ ಚರ್ಚಿನ ಹೊರಗೆ ಗಂಟೆಯ ಕಂಬಕ್ಕೆ ಕಟ್ಟೆ ಇದೆಯಲ್ಲ, ಅಲ್ಲಿ ಕೂತು ಆರಾಧನೆ ಮುಗಿಸುತ್ತಿದ್ದರು. ಮಳೆ ಬಂದರೆ ಕೊಡೆ ಬಿಚ್ಚುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಇಬ್ಬರೂ ಹಟಮಾರಿಗಳು. ಒಬ್ಬರನ್ನೊಬ್ಬರು ಕಂಡರೆ ಪ್ರಾಣ, ಮಾತು ಮಾತ್ರ ಇಲ್ಲ.

ಇಷ್ಟಾದ ಮೇಲೆ ಆಸಾಫನಿಗೆ ತನ್ನದೇ ಒಂದು ಆಲ್ಬಮ್ ಮಾಡಬೇಕು ಅನ್ನಿಸಿತು. ಮಾಸ್ತರು ಒಂದು ಸಲ ಪೂರ್ತಿ ಕೇಳಿದರೆ ಸಾಕು, ಆಮೇಲೆ ಬೈಯಲಿ ಅಂತಿದ್ದನಂತೆ. ಪೇಟೆಯ ಸ್ಟುಡಿಯೋಗೆ ಹೋಗುವ ಶಕ್ತಿ ಎಲ್ಲಿಂದ ಬರಬೇಕು? ನೂಲಿಗೆ ಬಣ್ಣ ಹಾಕುವ ಮನೆಯೊಂದಿತ್ತು, ಅದರ ನಾಲ್ಕೂ ಗೋಡೆಗೆ ನೂಲಿನ ಲಡಿಗಳನ್ನು ಒತ್ತೊತ್ತಾಗಿ ನೇತುಹಾಕಿದರು, ಸದ್ದು ಮಾರ್ದನಿಸಬಾರದು ಅಂತ. ವಾರದ ದಿನ ಮಗ್ಗಗಳು ಬಿಡುವುದಿಲ್ಲವಲ್ಲ, ಅದಕ್ಕೆ ಭಾನುವಾರ ಮಧ್ಯಾಹ್ನ ಮಾತ್ರ ಹಾಡಬೇಕು. ಎರವಲು ತಂದ ಟೇಪ್ ರೆಕಾರ್ಡರಿನ ಮುಂದೆ ಹನ್ನೊಂದು ಭಾನುವಾರ ಹಾಡಿದರು ಅಂತಾರೆ. ಹೊರಗೆ ಬಂದಾಗ ಮೂವರ ಅಂಗಿಗಳೂ ಕೆಂಪು, ನೀಲಿ, ಹಸಿರು ಆಗಿದ್ದವು. ಎಂಟು ಹಾಡಾದವು. ಹೆಸರು ಯಾರಿಗೂ ತೋಚದೆ ಕ್ಯಾಸೆಟ್ಟಿನ ಮೇಲೆ ‘ಎಂಟು ಹಾಡು’ ಅಂತಲೇ ಬರೆದರು.

ಈಗ ನಮ್ಮ ಸುಗ್ಗಿ ಹಬ್ಬದ ಸಂಗತಿ. ಮೊದಲ ಫಲ ದೇವರಿಗೆ. ರೈತರು ಮೊದಲ ತೆನೆ, ನೇಕಾರರು ಮಗ್ಗಕ್ಕೆ ಹೊಸದಾಗಿ ಏರಿಸಿದ ಹಾಸಿನ ಮೊದಲ ಮೊಳ ಬಟ್ಟೆ, ಕೋಳಿ ಸಾಕಿದವರು ಮೊದಲ ಮೊಟ್ಟೆ ತಂದು ವೇದಿಯ ಮುಂದೆ ಇಡಬೇಕು. ಅಲ್ಲಿಡುವ ಮುಂಚೆ ಮನೆಯಲ್ಲಿ ಯಾರೂ ಅದರ ರುಚಿ ನೋಡಬಾರದು. ಆರಾಧನೆ ಮುಗಿದ ಮೇಲೆ ಅವನ್ನೆಲ್ಲ ಅಂಗಳದಲ್ಲಿ ಸವಾಲಿಗೆ, ಅಂದರೆ ಹರಾಜಿಗೆ, ಹಾಕುತ್ತಾರೆ. ಬೇರೆ ಕಡೆ ಹಣ ಕೂಗುತ್ತಾರಂತೆ, ನಮ್ಮಲ್ಲಿ ಸೇವೆ ಕೂಗುವುದು. ಕುಂಬಳಕಾಯಿಗೆ ಎರಡು ದಿನ ಕಸ ಗುಡಿಸುತ್ತೇನೆ ಅಂತ ಒಬ್ಬ, ಮೂರು ದಿನ ನೀರು ತುಂಬುತ್ತೇನೆ ಅಂತ ಇನ್ನೊಬ್ಬ. ಹೆಚ್ಚು ಕೂಗಿದವರ ಪಾಲಿಗೆ ಅದು. ಕೊಟ್ಟವರು ಮತ್ತೆ ಅದನ್ನು ಕೇಳುವ ಹಾಗಿಲ್ಲ.

ಆಸಾಫ ಕ್ಯಾಸೆಟ್ಟನ್ನು ತಂದು ಜೋಳದ ತೆನೆಗಳ ನಡುವೆ ಇಟ್ಟ. ಅವನ ಬೆಳೆ ಅದೇ ತಾನೆ? ಜೊತೆಯವರು ಮೊದಲೇ ಬಡಿದುಕೊಂಡಿದ್ದರು, ಇನ್ನೊಂದು ಕ್ಯಾಸೆಟ್ಟಿಗೆ ಇಳಿಸಿಟ್ಟುಕೊಳ್ಳೋ ಅಂತ. ಅವನು ಒಪ್ಪಲಿಲ್ಲ. ಇಳಿಸಿದರೆ ರುಚಿ ನೋಡಿದ ಹಾಗಲ್ಲವೇ ಅಂದ. ಹೀಗೆ ಲೋಕದಲ್ಲಿ ಇದ್ದದ್ದೊಂದೇ ಕ್ಯಾಸೆಟ್ಟು, ಅದೂ ಕುಂಬಳಕಾಯಿಯ ಜೊತೆ ಸವಾಲಿಗೆ ಬಂತು. ಇಂಥ ತಪ್ಪು ನಮ್ಮ ಓಣಿಯವರು ಮಾತ್ರ ಮಾಡಬಲ್ಲರು. ನೆನೆಸಿಕೊಂಡರೆ ಈಗಲೂ ನನಗೆ ಸಿಟ್ಟು ಬರುತ್ತದೆ, ಹೆಮ್ಮೆಯೂ ಆಗುತ್ತದೆ.

ಆಸಾಫನ ಜೊತೆಯವರು ಹತ್ತು ದಿನ ಸುಣ್ಣ ಬಳಿಯುತ್ತೇವೆ ಅಂತ ಕೂಗಿದರು, ಕ್ಯಾಸೆಟ್ಟು ತಮ್ಮ ಪಾಲಿಗೇ ಬರುತ್ತದೆ ಅನ್ನುವ ಧೈರ್ಯ. ಆಗ ಗಂಟೆಯ ಕಂಬದ ಕಡೆಯಿಂದ ದನಿ ಬಂತು.

“ಒಂದ ವರ್ಷ ಗಂಟಿ ಹೊಡೀತೀನಿ. ದಿನಾ, ಮುಂಜಾನೆ ಸಂಜಿ.”

ತೀತಪ್ಪ ಮಾಸ್ತರು. ಅದಕ್ಕಿಂತ ಹೆಚ್ಚಿಗೆ ಕೂಗುವುದು ಯಾರಿಂದಾದೀತು? ಮಾಸ್ತರು ಕ್ಯಾಸೆಟ್ಟನ್ನು ಹೆಗಲ ಮೇಲಿನ ಶಲ್ಯದ ತುದಿಗೆ ಗಂಟು ಹಾಕಿಕೊಂಡು ಮನೆಗೆ ನಡೆದರು. ಅದು ಇನ್ನು ಪೆಟ್ಟಿಗೆಯ ತಳ ಸೇರಿತು, ಯಾರ ಕಿವಿಗೂ ಬೀಳದ ಹಾಗೆ ಮುದುಕ ಮುಚ್ಚಿಟ್ಟ ಅಂತ ಎಲ್ಲರೂ ಆಡಿಕೊಂಡರು. ಅವರ ಮನೆಯಲ್ಲಿ ಟೇಪ್ ರೆಕಾರ್ಡರ್ ಕೂಡ ಇರಲಿಲ್ಲ.

ಮತ್ತೆ ಹಾಡಿದರಾಯಿತು ಅಂತ ಆಸಾಫ ನಕ್ಕನಂತೆ. ಆದರೆ ಆ ಚಳಿಗಾಲದಲ್ಲಿ ಅವನಿಗೆ ಗಂಟಲುಬೇನೆ ಬಂತು. ಎರಡು ತಿಂಗಳು ಮಲಗಿದ. ಎದ್ದಾಗ ಪಿಸುಮಾತು ಮಾತ್ರ ಉಳಿದಿತ್ತು. ನಮ್ಮ ದವಾಖಾನೆಯ ಹಳೆಯ ಚೀಟಿ ನಾನೇ ನೋಡಿದ್ದೇನೆ, ಇದರಲ್ಲಿ ಯಾರೂ ಒಂದು ಡಿಗ್ರಿಯನ್ನೂ ಏರಿಸಿಲ್ಲ. ಇಪ್ಪತ್ತೇಳು ವರ್ಷದ ಹುಡುಗ, ಹಾಡು ಮುಗಿದುಹೋಯಿತು. ಅವನ ದನಿ ಅಂತ ಇದ್ದದ್ದು ಆ ಒಂದು ಕ್ಯಾಸೆಟ್ಟಿನಲ್ಲಿ, ಆ ಕ್ಯಾಸೆಟ್ಟು ಮಾಸ್ತರ ಹತ್ತಿರ.

ಜೊತೆಯವರು ಕದ್ದು ತರುತ್ತೇವೆ ಅಂದರು. ಆಸಾಫ ಬೇಡ ಅಂತ ಕೈಯಾಡಿಸಿದ. ಕೊಟ್ಟದ್ದನ್ನು ವಾಪಸ್ ಕೇಳುವ ಹಾಗಿಲ್ಲ. ಅವನ ತಾಯಿ ರಾಹೇಲವ್ವನಿಗೆ ಮಾತ್ರ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಮಾಸ್ತರ ಬಾಗಿಲಿಗೆ ಹೋಗಿ ನಿಂತಳು.

“ನನಗ ಕೊಡಬ್ಯಾಡ್ರೀ ಮಾಸ್ತರ. ನನ್ನ ಮಗನ ದನಿ ಒಮ್ಮೆ ಕೇಳಸ್ರಿ, ಸಾಕು,” ಅಂದಳಂತೆ.

ಮಾಸ್ತರು ಅವಳ ಮುಖವನ್ನೇ ನೋಡುತ್ತ ನಿಂತರಂತೆ. ಬಾಯಿ ತೆರೆದರು, ಮುಚ್ಚಿದರು, ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ. ರಾಹೇಲವ್ವ ಅಳುತ್ತ ಮನೆಗೆ ಬಂದಳು, ಇಡೀ ಓಣಿ ಮಾಸ್ತರಿಗೆ ಶಾಪ ಹಾಕಿತು. ಅವರು ಮಾತ್ರ ದಿನಾ ಬೆಳಿಗ್ಗೆ, ಸಂಜೆ ಗಂಟೆ ಹೊಡೆದು ಹೋಗುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ ಅಂತಾರೆ.

ವರ್ಷ ತಿರುಗಿತು. ಮತ್ತೆ ಸುಗ್ಗಿ ಹಬ್ಬ. ಬೆಳಗಿನ ಗಂಟೆ ಹೊಡೆದು ಮಾಸ್ತರು ಚರ್ಚಿನ ಬಾಗಿಲವರೆಗೆ ಬಂದರು, ಆಸಾಫನನ್ನು ಸನ್ನೆ ಮಾಡಿ ಕರೆದರು. ಶಲ್ಯದ ಗಂಟು ಬಿಚ್ಚಿ ಕ್ಯಾಸೆಟ್ಟನ್ನು ಅವನ ಕೈಗಿಟ್ಟು, “ತಗೋ. ನನ್ನ ವರ್ಷ ತುಂಬ್ತು,” ಅಂದು ತಿರುಗಿ ಹೋಗಿ ಕಟ್ಟೆಯ ಮೇಲೆ ಕೂತರು. ಅಷ್ಟೇ ಮಾತು.

ಪಾದ್ರಿ ಅಯ್ಯನವರು ಅಲ್ಲೇ ಟೇಪ್ ರೆಕಾರ್ಡರ್ ತರಿಸಿ ಲೌಡ್‌ಸ್ಪೀಕರಿಗೆ ಜೋಡಿಸಿದರು. ಮೊದಲ ಹಾಡು ಬಂತು. ರಾಹೇಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಸಾಫ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ತನ್ನ ದನಿಯನ್ನು ಹಾಗೆ ಹೊರಗಿನಿಂದ ಕೇಳುವುದು ಎಂಥ ಕಷ್ಟ ಇರಬೇಕು, ನೀವೇ ಯೋಚಿಸಿ. ಎರಡನೆಯ ಹಾಡಾಯಿತು. ಮೂರನೆಯದು ಶುರುವಾಯಿತು. ಮಗ್ಗದ ತಾಳ ಜೋರಾಗಿ ಏರುತ್ತಾ ಬಂತು, ಆಸಾಫನ ದನಿ ಅದರ ಮೇಲೇರಿ,

“ಬಿಸಿಲ ದಾರಿ ಉದ್ದವಿದ್ದರೇನು...”

ಅಂತ ಎತ್ತಿತು. ಅಷ್ಟಕ್ಕೇ ಕಿರ್ ಅಂತ ಸದ್ದು. ಪಟ್ಟಿ ಯಂತ್ರಕ್ಕೆ ಸಿಕ್ಕಿಹಾಕಿಕೊಂಡು ನುಜ್ಜಾಯಿತು. ದನಿ ಸತ್ತುಹೋಯಿತು. ಇದ್ದದ್ದೊಂದೇ ಕ್ಯಾಸೆಟ್ಟು.

ಆಗ ಹೊರಗಿನಿಂದ ಹಾಡು ಕೇಳಿತು.

“...ನಿನ್ನ ಹೆಜ್ಜೆ ಮುಂದೆ ಇದೆಯಲ್ಲ.”

ಮುದಿ ದನಿ, ಒಡಕು ದನಿ. ಆದರೆ ತಾಳ ಅದೇ, ಹಾಡು ನಿಂತ ಜಾಗದಿಂದ ಒಂದು ಪೆಟ್ಟೂ ತಪ್ಪಿರಲಿಲ್ಲ. ಎರಡನೆಯ ಸಾಲು ಬಂತು, ಮೂರನೆಯದು ಬಂತು. ದನಿ ಹತ್ತಿರವಾಗುತ್ತಿತ್ತು. ತೀತಪ್ಪ ಮಾಸ್ತರು ಕೋಲಿನಿಂದ ನೆಲಕ್ಕೆ ಖಟ್ ಖಟಾ ಖಟ್ ಕುಟ್ಟುತ್ತ ಬಾಗಿಲು ದಾಟಿದರು, ಸೂರಿನ ಕೆಳಗೆ ಬಂದರು, ಹಾಡುತ್ತಲೇ ಬಂದು ಆಸಾಫನ ಮುಂದೆ ನಿಂತರು. ಒಂದು ಮಾತೂ ಮರೆಯದೆ ಕಡೆಯ ಸಾಲಿನವರೆಗೆ ಹಾಡಿದರು. ಆಸಾಫ ದನಿಯಿಲ್ಲದ ಬಾಯಲ್ಲಿ ಅವರ ಜೊತೆ ತುಟಿಯಾಡಿಸಿದ. ಆ ದಿನ ಚರ್ಚಿನಲ್ಲಿ ಅಳದವರು ಹಸುಗೂಸುಗಳು ಮಾತ್ರ ಅಂತಾರೆ.

ಮಾಸ್ತರಿಗೆ ಆ ಹಾಡು ಹೇಗೆ ಬಂತು? ಅದನ್ನು ಹೇಳಿದವರು ಹಳ್ಳದಾಚೆಯ ಊರಿನ ದರ್ಜಿ ದಸ್ತಗೀರಸಾಬರು. ಅವರ ಅಂಗಡಿಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಮಾಸ್ತರು ಕಣ್ಣಿಗೆ ಔಷಧಿ ಹಾಕಿಸಲು ಅಂತ ಮನೆಯಲ್ಲಿ ಹೇಳಿ ದಿನಾ ಬೆಳಗಿನ ಗಂಟೆ ಹೊಡೆದ ಮೇಲೆ ಅಲ್ಲಿಗೆ ನಡೆದು ಹೋಗುತ್ತಿದ್ದರಂತೆ.

“ಮೊದಲಿಗೆ ಹಾಡಿನಾಗಿನ ತಪ್ಪು ಬರಕೊಳ್ಳಾಕ ನೋಟುಬುಕ್ಕ ತಂದಿದ್ರು,” ಅಂದರಂತೆ ದಸ್ತಗೀರಸಾಬರು. “ಮೂರು ಹಾಳಿ ಬರದ್ರು. ಹದಿನೈದು ದಿನ ಆದಮ್ಯಾಗ ನೋಟುಬುಕ್ಕ ತರೂದ ಬಿಟ್ರು. ಆ ಹುಡುಗನ ದನಿ ಹೋತು ಅಂತ ಸುದ್ದಿ ಬಂದ ದಿನ ಮೂರನೇ ಹಾಡ ಏಳ ಸಲ ಹಾಕಿಸಿದ್ರು. ಪಟ್ಟಿ ಸವದ ಹೋಗೇತ್ರಿ ಅಂತ ನಾನ ಹೇಳೀನಿ. ಕೇಳಲಿಲ್ಲ.”

ರಾಹೇಲವ್ವ ಬಾಗಿಲಿಗೆ ಹೋದ ದಿನವೂ ಕ್ಯಾಸೆಟ್ಟು ಆ ಅಂಗಡಿಯಲ್ಲೇ ಇತ್ತು. ನಿನ್ನ ಮಗನ ಹಾಡನ್ನು ನಾನು ದಿನಾ ಕೇಳುತ್ತೇನೆ ಅನ್ನಲು ಮಾಸ್ತರಿಗೆ ಬಾಯಿ ಬರಲಿಲ್ಲ. ಆ ಒಂದು ಮಧ್ಯಾಹ್ನಕ್ಕಾಗಿ ಅವರು ಸಾಯುವವರೆಗೂ ರಾಹೇಲವ್ವನ ಕ್ಷಮೆ ಕೇಳುತ್ತಿದ್ದರಂತೆ. ಅವಳು ಪ್ರತಿ ಸಲವೂ ಟೀ ಕೊಡುತ್ತಿದ್ದಳಂತೆ.

ಪಟ್ಟಿಯನ್ನು ಆಸಾಫ ಅಂಟು ಹಾಕಿ ಜೋಡಿಸಿದ. ಗೇಣುದ್ದ ಮಾತ್ರ ಹಾಳಾಗಿತ್ತು. ಆಮೇಲೆ ಎಷ್ಟೋ ಪ್ರತಿಗಳಾದವು, ಸೊಲ್ಲಾಪುರದವರೆಗೆ ಹೋದವು ಅಂತಾರೆ. ನಾನೂ ಕೇಳಿದ್ದೇನೆ, ಅದಕ್ಕೇ ಆ ಗಂಟಲಿನ ಮಾತು ನಂಬುತ್ತೇನೆ ಅಂದದ್ದು. ಪ್ರತಿಯೊಂದರಲ್ಲೂ ಮೂರನೆಯ ಹಾಡು ಆ ಜಾಗದಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಆಸಾಫ ಮುಂದೆ ಹಾಡುಗಳನ್ನು ಕಟ್ಟಿದ, ಬೇರೆಯವರಿಂದ ಹಾಡಿಸಿದ, ಏಳು ಆಲ್ಬಮ್ ತಂದ. ಹನ್ನೆರಡು ಅನ್ನುವವರೂ ಇದ್ದಾರೆ. ಎಲ್ಲವಕ್ಕೂ ಹಾರ್ಮೋನಿಯಮ್ ತೀತಪ್ಪ ಮಾಸ್ತರದೇ.

ಅಂದಿನಿಂದ ನಮ್ಮ ಸಭೆಯಲ್ಲಿ ಯಾರೇ ಹೊಸ ಆಲ್ಬಮ್ ಮಾಡಲಿ, ಬಿಡುಗಡೆ ಸುಗ್ಗಿ ಹಬ್ಬದ ದಿನ, ತೆನೆಗಳ ನಡುವೆ. ಮೂರನೆಯ ಹಾಡನ್ನು ಅರ್ಧದಲ್ಲಿ ನಿಲ್ಲಿಸುತ್ತಾರೆ. ಉಳಿದದ್ದನ್ನು ಓಣಿಯ ಅತಿ ಹಿರಿಯರು ಹಾಡಬೇಕು. ಅದಕ್ಕಾಗಿ ಆಲ್ಬಮ್ ಮಾಡಿದವರು ತಿಂಗಳ ಮೊದಲೇ ಅವರ ಮನೆಗೆ ಹೋಗಿ ಆ ಹಾಡನ್ನು ಕಲಿಸಬೇಕು, ಅವರು ಬೈದರೆ ಬೈಸಿಕೊಳ್ಳಬೇಕು. ಒಂದು ವರ್ಷ, ಆಗಿನ ಹಿರಿಯ ಸೀಲಪ್ಪಜ್ಜ ಹಾಡು ನಿಲ್ಲುವಷ್ಟರಲ್ಲಿ ನಿದ್ದೆ ಹೋಗಿದ್ದ. ಯಾರೂ ಎಬ್ಬಿಸಲಿಲ್ಲ. ಅವನಾಗಿ ಏಳುವವರೆಗೆ ಇಡೀ ಸಭೆ ಸುಮ್ಮನೆ ಕೂತಿತ್ತು, ಎದ್ದವನು ಸರಿಯಾದ ಜಾಗದಿಂದಲೇ ಹಿಡಿದ.

ಹೋದ ಮಳೆಗಾಲದಲ್ಲಿ ಮಾರ್ಥಜ್ಜಿ ತೀರಿಕೊಂಡಳು, ನನಗಿಂತ ಎರಡು ವರ್ಷ ದೊಡ್ಡವಳು. ಈಗ ಓಣಿಗೆ ಹಿರಿಯಳು ನಾನೇ. ನೀವು ನಾಲ್ವರೂ ಗಿಟಾರ್ ಹೊತ್ತುಕೊಂಡು ಯಾಕೆ ಬಂದಿದ್ದೀರಿ ಅಂತ ನನಗೆ ಗೊತ್ತು. ನಿಮ್ಮ ಹಾಡು ನನಗೆ ಸೇರಲಿಕ್ಕಿಲ್ಲ. ಹಲ್ಲಿಲ್ಲ, ಉಸಿರೂ ಸಾಲದು. ಇರಲಿ. ಹಾಡು ಎಲ್ಲಿ ನಿಲ್ಲುತ್ತದೆ ಅಂತ ಮೊದಲು ಹೇಳಿ, ಅಲ್ಲಿಂದ ನಾನು ಹಿಡಿಯುತ್ತೇನೆ.