ಸರ್ವೆ ಕೊಂಬೆಯೂ ಗಾಜಿನ ನಕ್ಷತ್ರವೂ

ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಕೋಲಾರದ ಚಿನ್ನದ ಗಣಿಯ ದೊರೆಯೊಬ್ಬರ ಮನೆಗೆ ಕ್ರಿಸ್‌ಮಸ್ ಹಬ್ಬಕ್ಕೆಂದು ಇಂಗ್ಲೆಂಡಿನಿಂದ ಗಾಜಿನ ನಕ್ಷತ್ರವೊಂದು ಹಡಗಿನಲ್ಲಿ ಬಂತು. ದೊರೆಯ ಮಗಳು ಹ್ಯಾರಿಯೆಟ್ ಅದನ್ನು ಕುಂಡದಲ್ಲಿ ನಿಲ್ಲಿಸಿದ್ದ ಸರ್ವೆ ಕೊಂಬೆಗೆ ಕಟ್ಟಿದಳು.

"ನಮ್ಮ ಕಡೆ ನಕ್ಷತ್ರಗಳನ್ನು ದಟ್ಟವಾದ ಫರ್ ಮರಕ್ಕೆ ಕಟ್ಟುತ್ತಾರೆ. ನೀನೋ ಬರೀ ಕಡ್ಡಿ," ಎಂದಿತು ನಕ್ಷತ್ರ.



ಅತಿಥಿಗಳು ಪಿಯಾನೊಗೆ ಕುಣಿಯತೊಡಗಿದಾಗ ಹಲಗೆಯ ನೆಲ ಅದುರಿ, ನಕ್ಷತ್ರದ ದಾರ ಬಿಚ್ಚಿಕೊಂಡಿತು. ಜಾರಿ ಬೀಳುತ್ತಿದ್ದ ಅದನ್ನು ಕೊಂಬೆ ತನ್ನ ಕೂದಲೆಳೆಯಂಥ ಎಲೆಗಳಲ್ಲಿ ಸಿಕ್ಕಿಸಿ ಹಿಡಿದುಕೊಂಡಿತು.

"ಹೀಯಾಳಿಸಿದ ನನ್ನನ್ನು ಯಾಕೆ ಹಿಡಿದೆ?" ನಕ್ಷತ್ರ ಕೇಳಿತು.

"ಅಷ್ಟು ದೂರದಿಂದ ಬಂದಿದ್ದೀಯಮ್ಮ. ಊರು ನೆನಪಾದರೆ ಯಾರಾದರೂ ಹಾಗೆಯೇ ಮಾತಾಡುತ್ತಾರೆ."

ನಕ್ಷತ್ರ ಎಲೆಗಳಿಗೆ ಒರಗಿಕೊಂಡು, "ನಿನ್ನ ಊರಿನ ಸುದ್ದಿ ಹೇಳು, ಕೇಳುತ್ತೇನೆ," ಎಂದಿತು.